ಮೊದಲು ಭರತನಾಟ್ಯವೇ ಯಾಕೆ, ಭರತನಾಟ್ಯವೊಂದೇ ಯಾಕೆ ಸಾಲದು

ಮಕ್ಕಳನ್ನು ಸೇರಿಸಲು ಬರುವ ಅಪ್ಪ-ಅಮ್ಮಂದಿರು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. "ಮೇಡಂ, ಇವಳಿಗೆ ವೆಸ್ಟರ್ನ್ ಇಷ್ಟ. ಟೀವಿಲಿ ಬರೋ ಥರ ಮಾಡ್ಬೇಕಂತೆ. ಆದ್ರೆ ಎಲ್ರೂ ಮೊದಲು ಭರತನಾಟ್ಯ ಕಲಿಸಿ, ಬೇಸ್ ಗಟ್ಟಿ ಆಗುತ್ತೆ ಅಂತಾರೆ. ಹೌದಾ?" ನಾನು ಭರತನಾಟ್ಯದ ಟೀಚರ್, ಹೌದು ಅಂತಲೇ ಹೇಳುತ್ತೇನೆ ಅನ್ನುವುದು ಅವರಿಗೂ ಗೊತ್ತು. ಹೇಳುತ್ತೇನೆ ಕೂಡ. ಆದರೆ ಆ ಹೌದಿಗೆ ಒಂದಷ್ಟು ಷರತ್ತುಗಳಿವೆ. ಅವನ್ನು ಶುರುಮಾಡುವಷ್ಟರಲ್ಲಿ ಅವರು ಫೀಸು ಕಟ್ಟಿ ಹೊರಟಿರುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಕುಂದಾಪುರದ ಕಡೆಯವಳು. ಪ್ರೈಮರಿ ಶಾಲೆಯಲ್ಲಿದ್ದಾಗ ಭರತನಾಟ್ಯಕ್ಕೆ ಸೇರಿದೆ. ಹೈಸ್ಕೂಲಿಗೆ ಬಂದ ಮೇಲೆ ಬೇಸಗೆ ರಜೆಗಳಲ್ಲಿ ದೇವಸ್ಥಾನದ ಹಾಲಿನಲ್ಲಿ ಯಕ್ಷಗಾನದ ಹೆಜ್ಜೆ ಕಲಿತೆ. ಡಿಗ್ರಿ ಮುಗಿಸಿ ಬೆಂಗಳೂರಿಗೆ ಬಂದು ಕಂಟೆಂಪರರಿ ಅನ್ನುವ ಈ ಕಾಲದ ನೃತ್ಯ, ಜೊತೆಗೆ ಒಂದಿಷ್ಟು ಕಳರಿಪಯಟ್ಟು, ಕೇರಳದ ಕಾಳಗದ ಕಲೆ. ಇದು ಯಾರೋ ಕೂತು ಯೋಚಿಸಿ ಹಾಕಿಕೊಟ್ಟ ಕ್ರಮವಲ್ಲ. ಎಲ್ಲಿ ಏನು ಸಿಕ್ಕಿತೋ ಅದನ್ನು ಕಲಿತದ್ದು. ಈಗ ನನ್ನದೇ ಕ್ಲಾಸು ನಡೆಸುವಾಗ, ಸ್ವಲ್ಪ ದೊಡ್ಡವರಾದ ಮಕ್ಕಳನ್ನು ಬೇರೆ ಶೈಲಿಯವರ ಹತ್ತಿರ ಕಳಿಸುವಾಗ, ಹೆಚ್ಚುಕಡಿಮೆ ಇದೇ ಕ್ರಮವನ್ನು ಹಿಡಿಯುತ್ತೇನೆ.

ನನ್ನ ಮೊದಲ ಟೀಚರ್ ತಿಂಗಳುಗಟ್ಟಲೆ ತಟ್ಟಡವು (ಕಾಲು ತಟ್ಟುವ ಅಡವು; ಅಡವು ಅಂದರೆ ಭರತನಾಟ್ಯದ ಮೂಲ ಹೆಜ್ಜೆ) ಬಿಟ್ಟು ಬೇರೇನೂ ಹೇಳಿಕೊಡಲಿಲ್ಲ. ಕೈ ಸೊಂಟಕ್ಕೆ, ಅರೆಮಂಡಿಯಲ್ಲಿ, ಅಂದರೆ ಮಂಡಿ ಅರ್ಧ ಬಗ್ಗಿಸಿ ಕೂತು, 'ತೈಯಾ ತೈ, ತೈಯಾ ತೈ'. ಅವರು ಮಣೆಯ ಮೇಲೆ ಕೋಲಿನಿಂದ ತಟ್ಟುತ್ತಾ ಈ ಸೊಲ್ಲು ಹೇಳುತ್ತಿದ್ದರು, ನಾವೂ ಜೊತೆಗೆ ಹೇಳಬೇಕಿತ್ತು. ಯಾರ ಬಾಯಿ ನಿಂತಿತೋ ಅವರ ಕಾಲನ್ನೂ ನಿಲ್ಲಿಸಿಬಿಡುತ್ತಿದ್ದರು. ಅಷ್ಟರಲ್ಲಿ ಪಕ್ಕದ ಬೀದಿಯ ಕ್ಲಾಸಿನ ಮಕ್ಕಳು ಚೌತಿಗೆ ಒಂದು ಹಾಡಿಗೆ ಕುಣಿದು ಬಹುಮಾನ ತಂದಿದ್ದರು. ಅಮ್ಮನಿಗೆ ಸಂಕಟ. "ಇನ್ನೂ ಕಾಲು ಬಡಿಯೂದೇ ಆಯ್ತಲ್ಲೆ ಮಾರಾಯ್ತಿ" ಅನ್ನುತ್ತಿದ್ದರು.

ಆ ಕಾಲು ಬಡಿಯುವುದರಲ್ಲಿ ಏನಿದೆ ಅಂತ ಬಿಡಿಸಿ ಹೇಳುತ್ತೇನೆ. ಅರೆಮಂಡಿಯಲ್ಲಿ ಹಿಮ್ಮಡಿಗಳು ಹತ್ತಿರ, ಪಾದಗಳು ಎರಡು ಬದಿಗೆ, ಮಂಡಿಗಳೂ ಬದಿಗೆ. ಬಲಗಾಲು ಎತ್ತಬೇಕಾದರೆ ಮೊದಲು ಮೈಭಾರವೆಲ್ಲ ಎಡಗಾಲಿಗೆ ಹೋಗಬೇಕು. ಹೊಸ ಮಕ್ಕಳು ಇದನ್ನು ತಲೆ, ಭುಜ ವಾಲಿಸಿ ಮಾಡುತ್ತಾರೆ; ಇಲ್ಲವೇ ತುಸು ಮೇಲೆದ್ದು ಮತ್ತೆ ಕೂರುತ್ತಾರೆ. ಎರಡೂ ಆಗಬಾರದು. ಭಾರ ಒಳಗೊಳಗೇ ದಾಟಬೇಕು, ಎದುರಿಗೆ ಕೂತವರಿಗೆ ಅದು ಕಾಣಬಾರದು. ನಾನು ಕೋಲನ್ನು ಮಗುವಿನ ನೆತ್ತಿಯ ಮೇಲೆ ಅಡ್ಡ ಹಿಡಿದು ನಿಲ್ಲುತ್ತೇನೆ. ಕಾಲು ಬದಲಾಗುವಾಗ ತಲೆ ಕೋಲಿಗೆ ತಾಗಬಾರದು, ಕೋಲು ಬಿಟ್ಟು ಆಚೀಚೆ ಹೋಗಲೂಬಾರದು. ಅದಾದ ಮೇಲೆ ಸದ್ದು. ಅಂಗಾಲು ಪೂರ್ತಿ ಒಮ್ಮೆಗೇ ನೆಲಕ್ಕೆ ಬಿದ್ದರೆ 'ಟಪ್' ಅಂತ ಒಂದೇ ಸದ್ದು. ಬೆರಳು ಮೊದಲು ಬಿದ್ದು ಹಿಮ್ಮಡಿ ಆಮೇಲೆ ಬಿದ್ದರೆ ಎರಡು ಸದ್ದು. ಬೆನ್ನು ಹಾಕಿ ನಿಂತರೂ ಯಾರ ಕಾಲು ಸರಿಯಿಲ್ಲ ಅಂತ ಹೇಳಬಹುದು.

ಮೂರು ಕಾಲಗಳಲ್ಲಿ, ಅಂದರೆ ಒಂದೇ ಅಡವನ್ನು ಮಾಡುವ ಮೂರು ವೇಗಗಳಲ್ಲಿ, ನಿಧಾನದ ಒಂದನೇ ಕಾಲವೇ ಎಲ್ಲಕ್ಕಿಂತ ಕಷ್ಟ. ನೋಡುವವರಿಗೆ ಇದು ತಿರುವುಮುರುವಾಗಿ ಕಾಣುತ್ತದೆ. ಮೂರನೇ ಕಾಲದಲ್ಲಿ ವೇಗವೇ ಮೈಯನ್ನು ಎಳೆದುಕೊಂಡು ಹೋಗುತ್ತದೆ, ತಪ್ಪಿದರೂ ಅದರಲ್ಲೇ ಮುಚ್ಚಿಹೋಗುತ್ತದೆ. ನಿಧಾನದಲ್ಲಿ ಮುಚ್ಚಿಡಲು ಜಾಗವಿಲ್ಲ. ಕಾಲೆತ್ತಿ, ಮುಂದಿನ ಸೊಲ್ಲು ಬರುವತನಕ ಒಂಟಿಕಾಲಲ್ಲಿ ಬಾಗಿದ ಮಂಡಿಯ ಮೇಲೆ ಕಾಯಬೇಕು, ತೊಡೆ ನಡುಗುತ್ತದೆ. ನನ್ನ ಮಟ್ಟಿಗೆ ಬೇಸ್ ಅನ್ನುವುದು ಈ ನಡುಗುವ ತೊಡೆ. ಇನ್ನೊಂದು, ತಾಳದ ಕೈ ಬದಲಾಗದೆ ಸೊಲ್ಲು ಮಾತ್ರ ಒಂದಕ್ಕೆ ಒಂದು, ಒಂದಕ್ಕೆ ಎರಡು, ಒಂದಕ್ಕೆ ನಾಲ್ಕು ಆಗುತ್ತದಲ್ಲ, ಆ ಲೆಕ್ಕ ಎಂಟು ವರ್ಷದ ಮಗುವಿನ ಮೈಗೆ ಇಳಿದುಬಿಟ್ಟರೆ ಆಮೇಲೆ ಯಾವ ಸಂಗೀತ ಬಂದರೂ ಅದು ಹೆದರುವುದಿಲ್ಲ.

ಇದರ ಬೆಲೆ ನನಗೆ ಗೊತ್ತಾದದ್ದು ಬೆಂಗಳೂರಿನ ಕಂಟೆಂಪರರಿ ಕ್ಲಾಸಿನಲ್ಲಿ. ಅಲ್ಲಿ ಎಲ್ಲವೂ 'ಫೈವ್, ಸಿಕ್ಸ್, ಸೆವೆನ್, ಎಯ್ಟ್'. ಒಂದು ದಿನ ಏಳರ ಲೆಕ್ಕದ ಸಂಗೀತ ಹಾಕಿದರು. ನನಗಿಂತ ಎಷ್ಟೋ ಚೆನ್ನಾಗಿ ಜಿಗಿಯುತ್ತಿದ್ದ, ಮೈ ರಬ್ಬರಿನ ಹಾಗೆ ಬಾಗುತ್ತಿದ್ದ ಹುಡುಗರೆಲ್ಲ ಎಂಟನೆಯದನ್ನು ಹುಡುಕುತ್ತಾ ನಿಂತರು. ನಾನು ಮತ್ತು ಮೃದಂಗ ಕಲಿತಿದ್ದ ಇನ್ನೊಬ್ಬ ಬಾಯಲ್ಲಿ 'ತಕಿಟ ತಕಧಿಮಿ' ಹೇಳಿಕೊಂಡು ಹೋದೆವು, ಮೂರು ಮತ್ತು ನಾಲ್ಕು, ಮಿಶ್ರ, ಅಷ್ಟೇ. ಐದಾದರೆ 'ತಕ ತಕಿಟ', ಖಂಡ. ಇದರಲ್ಲಿ ನಮ್ಮ ಜಾಣತನವೇನೂ ಇಲ್ಲ, ಚಿಕ್ಕಂದಿನಲ್ಲಿ ಬಾಯಿಗೆ ಹಾಕಿಕೊಟ್ಟಿದ್ದರು.

ಹಾಗಾಗಿ ಶೈಲಿಯ ಹೆಸರಿಗಿಂತ ನಾನು ನೋಡುವುದು ಎರಡು ವಿಷಯ: ಕಾಲಲ್ಲಿ ಮಾಡಿದ್ದನ್ನು ಬಾಯಲ್ಲಿ ಹೇಳಿಸುತ್ತಾರಾ, ನಿಧಾನದಿಂದ ಶುರುಮಾಡುತ್ತಾರಾ? ಈ ಲೆಕ್ಕದಲ್ಲಿ ಕಥಕ್ ಏನೂ ಕಮ್ಮಿಯಿಲ್ಲ. ಅಲ್ಲಿ ಕಾಲು ತಟ್ಟುವ ತತ್ಕಾರ್ ಇದೆ, ಎರಡರಷ್ಟು, ನಾಲ್ಕರಷ್ಟು ವೇಗದ ದುಗುನ್, ಚೌಗುನ್ ಇದೆ, ಬೋಲ್‌ಗಳನ್ನು ಬಾಯಲ್ಲಿ ಹೇಳುವ ಪಢಂತ್ ಇದೆ. ಮಂಡಿ ಬಗ್ಗಿಸಿ ಕೂರದ ಕಾರಣ ಮೊಣಕಾಲಿಗೆ ಅಷ್ಟು ಹೊರೆಯೂ ಬೀಳುವುದಿಲ್ಲ. ಕಥಕ್ ಗುರು ಮಾಯಾ ರಾವ್ ಅವರು ದಿಲ್ಲಿಯಿಂದ ಬಂದು ನೆಲೆ ನಿಂತ ಮೇಲೆ ಬೆಂಗಳೂರಿನಲ್ಲಿ ಕಥಕ್ ಕಲಿಯುವುದು ದೂರದ ಮಾತೇನೂ ಆಗಿ ಉಳಿದಿಲ್ಲ. ಮನೆ ಹತ್ತಿರ ಒಳ್ಳೆಯ ಕಥಕ್ ಗುರು ಇದ್ದು, ಭರತನಾಟ್ಯದ ಕ್ಲಾಸು ಸುಮಾರಾಗಿದ್ದರೆ, ಕಥಕ್‌ಗೇ ಸೇರಿಸಿ ಅಂತ ನಾನೇ ಕಳಿಸಿದ್ದಿದೆ.

ಸಂಗೀತದ ಮಾತು ಬಂದಾಗ ಭರತನಾಟ್ಯದ ಮೈಸೂರು ಬಾನಿಯನ್ನು, ಅಂದರೆ ಮೈಸೂರಿನ ಶೈಲಿಯನ್ನು ನೆನೆಯಲೇಬೇಕು. ಆಸ್ಥಾನ ವಿದುಷಿಯಾಗಿದ್ದ ಕೆ. ವೆಂಕಟಲಕ್ಷ್ಮಮ್ಮ (1906–2002) ಎಂಟನೇ ವಯಸ್ಸಿಗೆ ಜಟ್ಟಿ ತಾಯಮ್ಮನವರ ಬಳಿ ಕಲಿಯಲು ಸೇರಿದವರು. ನೃತ್ಯದ ಜೊತೆಗೆ ಸಂಸ್ಕೃತ, ಸಂಗೀತ ಎರಡನ್ನೂ ಕಲಿತರು. ಅಭಿನಯಕ್ಕೆ ಹೆಸರಾದ ಪರಂಪರೆ ಅದು. ಹಾಡಿನ ಒಂದೇ ಸಾಲನ್ನು ಹಿಡಿದು ಹತ್ತು ಬಗೆಯಲ್ಲಿ ತೋರಿಸಬೇಕಾದರೆ ಸಾಲಿನ ಅರ್ಥವೂ ರಾಗವೂ ನರ್ತಕಿಯ ಒಳಗಿರಬೇಕು. ಈಗ ಮೊಬೈಲಿನಲ್ಲಿ ಟ್ರ್ಯಾಕ್ ಹಾಕಿ ಅಭ್ಯಾಸ ಮಾಡುವ ಮಕ್ಕಳಿಗೆ ಟ್ರ್ಯಾಕ್ ನಿಂತರೆ ಕಾಲೂ ನಿಲ್ಲುತ್ತದೆ. ಮೊದಲೆರಡು ವರ್ಷ ನನ್ನ ಕ್ಲಾಸಿನಲ್ಲಿ ಸ್ಪೀಕರ್ ಇಲ್ಲ.

ಇನ್ನು ಷರತ್ತುಗಳಿಗೆ ಬರುತ್ತೇನೆ. ಎಲ್ಲಕ್ಕಿಂತ ಮೊದಲು ಮೊಣಕಾಲು. ಅದು ಮುಖ್ಯವಾಗಿ ಮಡಚಿ ಬಿಚ್ಚುವ ಕೀಲು, ಬದಿಗೆ ತಿರುಚಲು ಇರುವುದಲ್ಲ. ಅರೆಮಂಡಿಯ ಅಗಲ ಸೊಂಟದ ಕೀಲಿನಿಂದ ಬರಬೇಕು. ಬ್ಯಾಲೆಯವರೂ ಇದನ್ನೇ ಟರ್ನ್‌ಔಟ್ ಅಂತ ಹೇಳಿ ವರ್ಷಗಟ್ಟಲೆ ತಿದ್ದುತ್ತಾರೆ. ಸೊಂಟ ತೆರೆಯದ ಮಗುವಿಗೆ 'ಪಾದ ಇನ್ನೂ ಅಗಲ' ಅಂತ ಗದರಿದರೆ ಪಾದ ಬದಿಗೆ ಹೋಗುತ್ತದೆ, ಮಂಡಿ ಮುಂದೆಯೇ ಉಳಿಯುತ್ತದೆ. ನಡುವೆ ಮೊಣಕಾಲಿನ ಒಳಬದಿಯ ಸ್ನಾಯುಬಂಧ ತಿರುಚಿಕೊಳ್ಳುತ್ತದೆ. ಅರೆಮಂಡಿಯಲ್ಲಿ ಕೂತಾಗ ಮಂಡಿಚಿಪ್ಪು ಕಾಲಿನ ಎರಡನೇ ಬೆರಳಿನ ನೇರಕ್ಕೆ ಇರಬೇಕು. ಅದಕ್ಕಿಂತ ಹೆಚ್ಚು ಪಾದ ತಿರುಗಿಸಲು ನಾನು ಬಿಡುವುದಿಲ್ಲ, ಫೋಟೋದಲ್ಲಿ ಚಂದ ಕಾಣದಿದ್ದರೂ ಸರಿ.

ನೆಲವೂ ಅಷ್ಟೇ ಮುಖ್ಯ. ಬೆಂಗಳೂರಿನಲ್ಲಿ ಎಷ್ಟೋ ಕ್ಲಾಸುಗಳು ನಡೆಯುವುದು ಅಪಾರ್ಟ್‌ಮೆಂಟಿನ ಹಾಲಿನಲ್ಲಿ, ಕಾಂಕ್ರೀಟಿನ ಮೇಲೆ ಹಾಸಿದ ಟೈಲ್ಸ್ ಮೇಲೆ. ಅಂಥದ್ದೇ ಒಂದು ಜಾಗದಲ್ಲಿ ದಿನಾ ತಟ್ಟಿ ತಟ್ಟಿ ನನ್ನ ಮೊಣಕಾಲ ಕೆಳಗಿನ ಎಲುಬು ನೋಯತೊಡಗಿ, ತಿಂಗಳುಗಟ್ಟಲೆ ಕೂತೇ ಅಭಿನಯ ಅಭ್ಯಾಸ ಮಾಡಬೇಕಾಯಿತು. ಈಗ ನನ್ನ ಕ್ಲಾಸಿನಲ್ಲಿ ರಬ್ಬರಿನ ಮೇಲೆ ಪ್ಲೈವುಡ್ ಹಲಗೆ ಹಾಸಿದ್ದೇನೆ. ಖರ್ಚು ಬಂತು. ಕೆಳಗಿನ ಮನೆಯವರ ದೂರು ಕಮ್ಮಿಯಾಯಿತು, ಅದೊಂದು ಉಪಲಾಭ.

ಮತ್ತೆ ಓಟ. ವಾರ್ಷಿಕೋತ್ಸವಕ್ಕೊಂದು ಐಟಂ, ಜೂನಿಯರ್ ಪರೀಕ್ಷೆಗೆ ಅಡವುಗಳ ಪಟ್ಟಿ, ಅದು ಮುಗಿಯುವ ಮೊದಲೇ ರಂಗಪ್ರವೇಶಕ್ಕೆ (ಮೊದಲ ಪೂರ್ಣ ಪ್ರದರ್ಶನಕ್ಕೆ) ಹಾಲ್ ಬುಕ್. ಪರೀಕ್ಷೆಯ ಮೇಲೆ ನನಗೆ ಸಿಟ್ಟಿಲ್ಲ, ನಾನೂ ಕಟ್ಟಿದವಳೇ. ಆದರೆ ಒಂದನೇ ಕಾಲವನ್ನು ಹಾರಿಸಿ, ಮೂರನೇ ಕಾಲದಲ್ಲಿ ಒಪ್ಪಿಸಲು ತಯಾರು ಮಾಡಿದ ಮಗುವಿಗೆ ಭರತನಾಟ್ಯ ಕಲಿತರೂ ಬೇಸ್ ಸಿಗುವುದಿಲ್ಲ. ಅಂಥ ಮಗುವಿಗಿಂತ ಒಳ್ಳೆಯ ಹಿಪ್‌ಹಾಪ್ ಕ್ಲಾಸಿನಲ್ಲಿ ಬೀಟಿನ ಮೇಲೆ ಕೂತು ಏಳುವುದನ್ನು ಸರಿಯಾಗಿ ಕಲಿತ ಹುಡುಗನೇ ವಾಸಿ.

ಇಷ್ಟೆಲ್ಲ ಸರಿಯಿದ್ದರೂ ಭರತನಾಟ್ಯ ಕೊಡದೇ ಇರುವುದು ಬೇಕಷ್ಟಿದೆ. ನನಗೆ ಅದು ಮೊದಲು ಗೊತ್ತಾದದ್ದು ಯಕ್ಷಗಾನದಲ್ಲಿ. ಅಲ್ಲಿಯವರೆಗೆ ನಾನು ಇಡೀ ರಂಗಸ್ಥಳವನ್ನು ಕಾಲಿನಿಂದ ಅಳೆದವಳೇ ಅಲ್ಲ. ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ಪ್ರವೇಶದ ಕುಣಿತದಲ್ಲಿ ಚೆಂಡೆ ಬಿದ್ದರೆ ಆ ಮೂಲೆಯಿಂದ ಈ ಮೂಲೆಗೆ ಹೋಗಲೇಬೇಕು. ಹಾರಬೇಕು, ಮಂಡಿಯೂರಿ ಗಿರಕಿ ಹೊಡೆಯಬೇಕು. ದಕ್ಷಿಣದ ಶೈಲಿಯ ತೆಂಕಿನವರದಾದರೆ ಧೀಂಗಿಣ, ಸುತ್ತುತ್ತಾ ಹಾರುವುದು. ಇದಕ್ಕಿಂತ ದೊಡ್ಡ ಪಾಠ ಉಸಿರಿನದ್ದು. ಕುಣಿತ ಮುಗಿದ ಕೂಡಲೇ ಅರ್ಥ, ಅಂದರೆ ಪಾತ್ರದ ಮಾತು, ಹೇಳಬೇಕು. ಭರತನಾಟ್ಯದಲ್ಲಿ ಜತಿ (ಸೊಲ್ಲುಗಳಿಗೆ ಕುಣಿಯುವ ಭಾಗ) ಮುಗಿಸಿ ಬಾಯಿ ಮುಚ್ಚಿ ನಗುತ್ತಾ ಏದುಸಿರನ್ನು ನುಂಗಬಹುದು. ಇಲ್ಲಿ ಕೌರವನೋ ಅಭಿಮನ್ಯುವೋ ಆಗಿ ಇಡೀ ವಾಕ್ಯ ಆಡಬೇಕು, ಕಡೆಯ ಸಾಲಿನವರಿಗೂ ಕೇಳಬೇಕು. ಕುಣಿಯುವಾಗ ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅನ್ನುವುದನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ, ಅರ್ಥ ಹೇಳಲು ಹೋಗಿ ಬಂದದ್ದು.

ಮೇಳಗಳಲ್ಲಿ ಕಲಿಯುವ ಹಳೆಯ ಕ್ರಮವೂ ನನಗೆ ಇಷ್ಟ. ಹುಡುಗ ಮೊದಲು ಪೂರ್ವರಂಗದ, ಅಂದರೆ ಕಥೆ ಶುರುವಾಗುವ ಮುಂಚಿನ ಭಾಗದ, ಕೋಡಂಗಿ, ಆಮೇಲೆ ಬಾಲಗೋಪಾಲ, ಆಮೇಲೆ ಪೀಠಿಕೆ ಸ್ತ್ರೀವೇಷ, ಹೀಗೆ ಹಂತ ಹಂತವಾಗಿ ದೊಡ್ಡ ವೇಷಕ್ಕೆ. ಜನ ಇನ್ನೂ ಬಂದು ಕೂರುತ್ತಿರುವ ಹೊತ್ತಿನಲ್ಲಿ, ಯಾರೂ ಅಷ್ಟಾಗಿ ನೋಡದಿರುವಾಗ, ನಿಜವಾದ ರಂಗಸ್ಥಳದಲ್ಲಿ, ಹಾಡಿ ಆಟ ನಡೆಸುವ ನಿಜವಾದ ಭಾಗವತರ ಎದುರು ಕಾಲು ಹದವಾಗುತ್ತಿತ್ತು. ಭಾಗವತರು ಪದ ಎಳೆದರೆ ಕುಣಿತವೂ ಬೆಳೆಯಬೇಕು, ಅವರು ಮುಕ್ತಾಯ ಕೊಟ್ಟರೆ ನಿಲ್ಲಬೇಕು. ಕಿವಿ ತೆರೆದಿಟ್ಟುಕೊಳ್ಳದೆ ಬೇರೆ ದಾರಿಯೇ ಇಲ್ಲ.

ಕಂಟೆಂಪರರಿ ನನ್ನ ಬೆನ್ನಿನ ಮರ್ಯಾದೆ ತೆಗೆಯಿತು. ಇಷ್ಟು ವರ್ಷ ನೆಟ್ಟಗಿಟ್ಟ ಬೆನ್ನು ಸುರುಳಿ ಸುತ್ತಲು ಒಪ್ಪಲೇ ಇಲ್ಲ. ನೆಲಕ್ಕೆ ಬೀಳು ಅಂದರೆ ಕೈಗಳು ತಾವಾಗೇ ನಾಟ್ಯಾರಂಭಕ್ಕೆ, ಭರತನಾಟ್ಯದಲ್ಲಿ ಕೈ ಚಾಚಿ ನಿಲ್ಲುವ ಭಂಗಿಗೆ, ಹೋಗುತ್ತಿದ್ದವು. ಯಾವ ನೃತ್ಯವನ್ನೂ ಕಲಿಯದೆ ಬಂದವರು ಸಲೀಸಾಗಿ ಉರುಳುತ್ತಿದ್ದರು. ಬೀಳುವುದು, ಉರುಳುವುದು, ಇನ್ನೊಬ್ಬರ ಮೈಗೆ ಭಾರ ಕೊಡುವುದು, ಇವು ನಮ್ಮ ಅಡವುಗಳಲ್ಲಿ ಇಲ್ಲವೇ ಇಲ್ಲ. ಆದರೆ ನಿನ್ನೆ ಮಾಡಿಸಿದ್ದನ್ನು ಇವತ್ತು ಹಾಗೇ ಮಾಡಿ ಅಂದಾಗ, ಕೈ ಎಷ್ಟು ಎತ್ತರದಲ್ಲಿತ್ತು, ಕಣ್ಣು ಎಲ್ಲಿತ್ತು ಅನ್ನುವುದು ನನಗೆ ನೆನಪಿರುತ್ತಿತ್ತು. 'ಯತೋ ಹಸ್ತಸ್ತತೋ ದೃಷ್ಟಿಃ' (ಕೈ ಎಲ್ಲೋ ಕಣ್ಣು ಅಲ್ಲಿ) ಅಂತ ಶ್ಲೋಕ ಉರುಹೊಡೆಸಿದ್ದು ಅಲ್ಲಿ ಕೆಲಸಕ್ಕೆ ಬಂತು. ಕಳರಿಗೆ ಹೋದಾಗಲಂತೂ ಅರೆಮಂಡಿಯ ತೊಡೆಗೆ ಅಲ್ಲಿನ ತಗ್ಗಿದ ನಿಲುವುಗಳು ನೆಂಟರೇ ಅನ್ನಿಸಿದವು. ನೃತ್ಯ ಸಂಯೋಜಕಿ ಚಂದ್ರಲೇಖಾ 1980ರ ದಶಕದಲ್ಲಿ ಭರತನಾಟ್ಯ, ಕಳರಿ, ಯೋಗ ಮೂರನ್ನೂ ಒಂದೇ ರಂಗಕ್ಕೆ ತಂದದ್ದು ಯಾಕೆ ಅಷ್ಟು ಸಹಜವಾಗಿ ಕೂತಿತು ಅನ್ನುವುದು ಮೈಗೆ ಅರ್ಥವಾಯಿತು.

"ಬೇಸ್ ಇಲ್ಲದೆ ದೊಡ್ಡವರಾದವರು ಇಲ್ಲವಾ?" ಅಂತ ಕೇಳುವವರಿಗೆ ನಾನೇ ನರ್ತಕ ಉದಯ್ ಶಂಕರ್ ಹೆಸರು ಹೇಳುತ್ತೇನೆ. ಲಂಡನ್ನಿನಲ್ಲಿ ಚಿತ್ರಕಲೆ ಓದುತ್ತಿದ್ದವರು, ಶಾಸ್ತ್ರೀಯ ನೃತ್ಯವನ್ನು ಕ್ರಮವಾಗಿ ಕಲಿಯದೆಯೇ ರಷ್ಯಾದ ಬ್ಯಾಲೆ ನರ್ತಕಿ ಅನ್ನಾ ಪಾವ್ಲೋವಾ ಜೊತೆ ಕುಣಿದು ಜಗತ್ತಿಗೆ ಗೊತ್ತಾದರು. ಆದರೆ ಅವರೇ ಅಲ್ಮೋರಾದಲ್ಲಿ ಕೇಂದ್ರ ತೆರೆದಾಗ ಭರತನಾಟ್ಯಕ್ಕೆ ಕಂದಪ್ಪ ಪಿಳ್ಳೈ, ಕಥಕಳಿಗೆ ಶಂಕರನ್ ನಂಬೂದಿರಿ ಅವರನ್ನು ಕರೆಸಿದರು. ಸಿನಿಮಾ ಡಾನ್ಸೇ ಬೇಕು ಅನ್ನುವವರಿಗೆ ಉತ್ತರ ಇನ್ನೂ ಸುಲಭ: ನಮ್ಮ ಮೈಸೂರಿನ ಪ್ರಭುದೇವ ಚಿಕ್ಕಂದಿನಲ್ಲಿ ಭರತನಾಟ್ಯ ಕಲಿತವರು. ಈ ಮಾತಿಗೆ ಅಪ್ಪಂದಿರು ತಕ್ಷಣ ತಲೆಯಾಡಿಸುತ್ತಾರೆ.

ನನ್ನ ಹತ್ತಿರ ಈಗ ನಡೆಯುವುದು ಹೀಗೆ. ಏಳು ವರ್ಷಕ್ಕಿಂತ ಮೊದಲು ಅರೆಮಂಡಿಗೆ ಒತ್ತಾಯವಿಲ್ಲ; ಆಟ, ಚಪ್ಪಾಳೆ, ತಾಳ. ಆಮೇಲೆ ಅಡವು, ಪುರುಸೊತ್ತಿನಲ್ಲಿ. ಹನ್ನೆರಡರ ಹೊತ್ತಿಗೆ ರಜೆಯಲ್ಲಿ ಯಕ್ಷಗಾನದ ಶಿಬಿರ ಎಲ್ಲಿದ್ದರೂ ಕಳಿಸಿ ಅನ್ನುತ್ತೇನೆ. ಕರಾವಳಿಯ ಮಕ್ಕಳಾದರೆ ಅಲ್ಲಿಂದಲೇ ಶುರುಮಾಡಿದರೂ ನಷ್ಟವಿಲ್ಲ. ಕಂಟೆಂಪರರಿ, ಹಿಪ್‌ಹಾಪ್, ಯಾವುದಕ್ಕೆ ಮನಸ್ಸಿದೆಯೋ ಅದು ಹದಿನಾಲ್ಕು-ಹದಿನೈದರ ಮೇಲೆ, ಭರತನಾಟ್ಯ ಬಿಡದೆ. ಸೇರಿಸುವ ಮೊದಲು ಯಾವುದೇ ಕ್ಲಾಸಿನಲ್ಲಿ ಒಂದು ದಿನ ಕೂತು ನೋಡಲು ಬಿಡುತ್ತಾರಾ ಕೇಳಿ. ಬಿಡದಿದ್ದರೆ ಮುಂದಿನ ಬೀದಿಗೆ ಹೋಗಿ.

ಮೂವತ್ತು ದಾಟಿದ ಮೇಲೆ ಕಲಿಯಲು ಬರುವವರಿಗೆ ಮಾತ್ರ ಈ ಕ್ರಮವನ್ನು ನಾನು ಹೇಳುವುದಿಲ್ಲ. ಐಟಿ ಕೆಲಸದಲ್ಲಿ ದಿನವಿಡೀ ಕೂತ ಸೊಂಟ ಅರೆಮಂಡಿಗೆ ಬಗ್ಗಲು ವರ್ಷ ಹಿಡಿಯುತ್ತದೆ, ಅಷ್ಟರಲ್ಲಿ ಉತ್ಸಾಹ ಇಳಿದಿರುತ್ತದೆ. ಅವರಿಗೆ ಕಥಕ್ ಅಥವಾ ಕಂಟೆಂಪರರಿ ವಾಸಿ. ಭರತನಾಟ್ಯವೇ ಆಗಬೇಕು ಅಂತ ಹಟ ಹಿಡಿದರೆ ಅಭಿನಯದಿಂದ ಶುರುಮಾಡಿಸುತ್ತೇನೆ, ಕುರ್ಚಿಯ ಮೇಲೆ ಕೂರಿಸಿ.