ಕುಶ್ಶಾರೊ ಸರೋವರ: ಯಾವ ಕಾಲಕ್ಕೆ ಯಾವ ಬಿಸಿನೀರು

ಜಪಾನಿನ ಹೊಕ್ಕೈಡೊ ದ್ವೀಪದ ಪೂರ್ವ ಭಾಗದಲ್ಲಿರುವ ಕುಶ್ಶಾರೊ, ಜ್ವಾಲಾಮುಖಿ ಕುಸಿದ ಕುಳಿಯಲ್ಲಿ ನೀರು ನಿಂತು ಆದ ಸರೋವರ. ಸುತ್ತಳತೆ ಸುಮಾರು 57 ಕಿ.ಮೀ. ಬಸ್ಸುಗಳನ್ನು ನಂಬಿಕೊಂಡರೆ ದಿನ ಕಳೆದುಹೋಗುತ್ತದೆ. ಮೆಮಾನ್‌ಬೆತ್ಸು ಅಥವಾ ಕುಶಿರೊ ವಿಮಾನ ನಿಲ್ದಾಣದಲ್ಲೇ ಬಾಡಿಗೆ ಕಾರು ಹಿಡಿಯುವುದು ಮೇಲು.

ಬೇಸಿಗೆಯಲ್ಲಿ ಮೊದಲು ಪೂರ್ವ ದಡದ ಸುನಾಯು. ನೀರಿನಂಚಿನ ಮರಳನ್ನು ಪುಟ್ಟ ಸಲಿಕೆಯಿಂದ ತೋಡಿದರೆ ಬಿಸಿನೀರು ಜಿನುಗುತ್ತದೆ. ಒಂದು ಕಡೆ ಬೆಚ್ಚಗಿದ್ದರೆ ಎರಡು ಹೆಜ್ಜೆ ಆಚೆ ಕೈ ಇಡಲಾಗದಷ್ಟು ಬಿಸಿ ಇರಬಹುದು. ಮೊದಲು ಬೆರಳಿನಿಂದ ನೋಡಿ. ಬಿಸಿ ಹೆಚ್ಚೆನಿಸಿದರೆ ಗುಂಡಿಯ ಒಂದು ಬದಿ ಒಡೆದು ಸರೋವರದ ನೀರು ಒಳಬಿಡಿ. ಇಲ್ಲಿ ಕಾಲು ನೆನೆಸಬಹುದು, ಅಷ್ಟೇ; ಮೈ ಮುಳುಗಿಸಲು ದಕ್ಷಿಣಕ್ಕೆ ಹೋಗಬೇಕು.

ದಕ್ಷಿಣದ ವಾಕೊತೊ ಪರ್ಯಾಯ ದ್ವೀಪದ ಬಯಲು ಕುಂಡದಲ್ಲಿ ಗಂಡಸರು, ಹೆಂಗಸರು ಒಟ್ಟಿಗೇ ಇಳಿಯುತ್ತಾರೆ, ಈಜುಡುಗೆ ನಡೆಯುತ್ತದೆ. ತಳದಲ್ಲಿ ಪಾಚಿ ಇರುವುದರಿಂದ ಹಿಡಿದುಕೊಂಡೇ ಇಳಿಯಿರಿ. ಬುಗ್ಗೆ ತಳದಿಂದಲೇ ಏಳುವುದರಿಂದ ಒಂದು ಮೂಲೆ ಸುಡುತ್ತದೆ, ಇನ್ನೊಂದು ಹಿತವಾಗಿರುತ್ತದೆ.

ಶರತ್ಕಾಲಕ್ಕೆ ಅಕ್ಟೋಬರ್ ಮೊದಲೆರಡು ವಾರ ಇಟ್ಟುಕೊಳ್ಳಿ. ಎಲೆ ಕೆಂಪೇರುವುದು ಆಗ. ಬೆಳಗಿನ ಮೋಡದ ಕಡಲು ನೋಡಲು 947 ಮೀಟರ್ ಎತ್ತರದ ತ್ಸುಬೆತ್ಸು ಕಣಿವೆದಾರಿ ಏರಬೇಕು. ಸೂರ್ಯೋದಯಕ್ಕೆ ಮೊದಲೇ ಅಲ್ಲಿರಬೇಕು, ಬಿಸಿಲು ಏರಿದರೆ ಮೋಡ ಕರಗುತ್ತದೆ. ಈ ದಾರಿ ಚಳಿಗಾಲದಲ್ಲಿ ಮುಚ್ಚಿರುತ್ತದೆ. ಆಗ ಬಿಹೊರೊ ಕಣಿವೆದಾರಿಯೇ ಗತಿ.

ನಮ್ಮ ಮತ ಮಾತ್ರ ಫೆಬ್ರವರಿಗೆ. ಸರೋವರ ಹೆಪ್ಪುಗಟ್ಟಿ, ರಾತ್ರಿಯ ಚಳಿಗೆ ಮಂಜುಗಡ್ಡೆ ಕುಗ್ಗಿ ಬಿರುಕುಬಿಡುತ್ತದೆ. ಬಿರುಕಿನ ನೀರೂ ಗಟ್ಟಿಯಾಗುತ್ತದೆ. ಹಗಲು ಹಿಗ್ಗಿದಾಗ ಅದು ದಿಬ್ಬದಂತೆ ಮೇಲೇಳುತ್ತದೆ. ಬುಗ್ಗೆಗಳ ಬಳಿ ಮಾತ್ರ ನೀರು ಹೆಪ್ಪುಗಟ್ಟುವುದಿಲ್ಲ, ಹಂಸಗಳು ಅಲ್ಲೇ ಸೇರುತ್ತವೆ. ಸರೋವರದ ದಡದಲ್ಲೇ ಇರುವ ಕೊತಾನ್ ಬಿಸಿನೀರ ಕುಂಡದಲ್ಲಿ ಕುತ್ತಿಗೆವರೆಗೆ ಕುಳಿತರೆ ಅವು ಕೆಲವೇ ಮೀಟರ್ ದೂರದಲ್ಲಿ ಕೊಕ್ಕಿನಿಂದ ರೆಕ್ಕೆ ತೀಡುತ್ತಿರುತ್ತವೆ. ಅಪಾಯವೂ ಅಲ್ಲೇ: ಬೆಚ್ಚಗಿನ ನೀರು ಅಡಿಯಿಂದ ಸವೆಸಿರುವುದರಿಂದ ಅಂಚಿನ ಮಂಜುಗಡ್ಡೆ ತೆಳು, ಹಿಮ ಮುಚ್ಚಿದ್ದರೆ ಕಣ್ಣಿಗೆ ಕಾಣದು. ಫೋಟೊ ಆಸೆಗೆ ಅದರ ಮೇಲೆ ಕಾಲಿಡಬೇಡಿ.

ರಾತ್ರಿ ಉಷ್ಣಾಂಶ ಮೈನಸ್ 20 ಡಿಗ್ರಿಗಿಂತ ಕೆಳಗಿಳಿಯುವುದುಂಟು. ಒದ್ದೆ ಟವೆಲ್ ನಿಮಿಷಗಳಲ್ಲಿ ಹಲಗೆಯಾಗುತ್ತದೆ, ಹಾಗಾಗಿ ಎರಡು ತನ್ನಿ. ಒಣಗಿದ್ದನ್ನು ಚೀಲದಲ್ಲಿ ಬಟ್ಟೆಗಳ ಮೇಲೆಯೇ ಇಡಿ. ನೀರಿನಿಂದ ಎದ್ದ ಮೇಲೆ ಮೊದಲು ತಲೆಗೂದಲು ಒರೆಸಿಕೊಳ್ಳಿ. ಕಾರಿಗೆ ಹಿಮದ ಟೈರು ಹಾಕಿದೆಯೇ ಎಂದು ಕೀಲಿ ಪಡೆಯುವಾಗಲೇ ಕೇಳಿ.

ಪಕ್ಕದ ಕವಾಯು ಊರಿನ ನೀರು ಬೇರೆಯೇ ಜಾತಿ. ಪಿಹೆಚ್ ಸುಮಾರು 1.8, ಕಬ್ಬಿಣದ ಮೊಳೆ ಕರಗುವಷ್ಟು ಹುಳಿ. ಬೆಳ್ಳಿ ಒಡವೆ ಕಳಚಿಡಿ, ಗಂಧಕದ ಹೊಗೆಗೆ ಕಪ್ಪಾಗುತ್ತದೆ. ಅಂದು ಶೇವ್ ಮಾಡಿದ್ದರೆ, ಗಾಯವಿದ್ದರೆ ಉರಿ ಖಂಡಿತ. ಕಣ್ಣಿಗೆ ಸಿಡಿದರೆ ತಕ್ಷಣ ಸಾದಾ ನೀರಲ್ಲಿ ತೊಳೆಯಿರಿ. ಚರ್ಮ ಸೂಕ್ಷ್ಮವಾಗಿದ್ದವರು ಎದ್ದ ಮೇಲೆ ಮೈಗೂ ಸಾದಾ ನೀರು ಹಾಕಿಕೊಳ್ಳಬೇಕು.