ಇಡೀ ಮನೆತನ ವಂಡರ್‌ಲಾಗೆ ಹೊರಟಾಗ ರೂಮು ಆರಿಸುವುದು ಹೇಗೆ

ದಾವಣಗೆರೆ ಕಡೆಯಿಂದ ಬೆಂಗಳೂರು ಹತ್ತಿರದ ಬಿಡದಿಯ ಅಮ್ಯೂಸ್‌ಮೆಂಟ್ ಪಾರ್ಕ್ ವಂಡರ್‌ಲಾಗೆ ಹದಿನೈದಿಪ್ಪತ್ತು ಜನ ಹೊರಟರೆ ಮಾತೆಲ್ಲ ಟಿಕೆಟ್ ಮತ್ತು ರೈಡ್‌ಗಳ ಮೇಲೇ ಇರುತ್ತದೆ. ಉಳಿಯುವ ಜಾಗದ ಮಾತು ಕೊನೆಗೆ ಬರುತ್ತದೆ. ಯಾರೋ ಮೊಬೈಲಿನಲ್ಲಿ ಸ್ವಿಮ್ಮಿಂಗ್ ಪೂಲಿನ ಫೋಟೋ ತೋರಿಸುತ್ತಾರೆ, ಉಳಿದವರು 'ಚೆನ್ನಾಗಿದೆ, ಮಾಡಿಬಿಡು' ಅನ್ನುತ್ತಾರೆ, ಬುಕಿಂಗ್ ಮುಗಿಯುತ್ತದೆ. ಇದು ತಿರುಗಬೇಕು. ಮೊದಲು ರೂಮು ನೋಡಿ. ಅದನ್ನೂ ರೈಡ್ ಹತ್ತದವರನ್ನು ಮನಸ್ಸಲ್ಲಿಟ್ಟುಕೊಂಡು ನೋಡಿ. ಹುಡುಗರು ದಿನವಿಡೀ ಪಾರ್ಕಿನಲ್ಲಿರುತ್ತಾರೆ, ರಾತ್ರಿ ಎಲ್ಲಿ ಚಾಪೆ ಹಾಕಿದರೂ ಮಲಗುತ್ತಾರೆ. ಅಜ್ಜಿಗೆ, ಮಂಡಿನೋವಿನ ದೊಡ್ಡಮ್ಮನಿಗೆ, ಕೈಗೂಸಿನ ತಾಯಿಗೆ ಮಾತ್ರ ಆ ರೂಮೇ ಇಡೀ ಪ್ರವಾಸ.

ಒಂದು ಹಾಳೆ ತಗೊಂಡು ಎಲ್ಲರ ಹೆಸರು ಬರೆಯಿರಿ. 'ದೊಡ್ಡವರು 11, ಮಕ್ಕಳು 5' ಅಂತ ಬರೆದರೆ ಹೋಟೆಲಿನವರಿಗೆ ಸಾಕು, ನಿಮಗೆ ಸಾಲದು. ಪ್ರತಿ ಹೆಸರಿನ ಮುಂದೆ ರೈಡ್ ಹತ್ತುತ್ತಾರಾ, ಮೆಟ್ಟಿಲು ಹತ್ತುತ್ತಾರಾ, ರಾತ್ರಿ ಯಾರ ಜೊತೆ ಮಲಗುತ್ತಾರೆ ಅಂತ ಬರೆಯಿರಿ. ಬಿಪಿ ಇರುವವರು, ಹೃದಯದ ತೊಂದರೆ ಇರುವವರು, ಬಸುರಿಯರು ದೊಡ್ಡ ರೈಡ್ ಹತ್ತುವಂತಿಲ್ಲ. ಅವರನ್ನೂ ಹತ್ತದವರ ಲೆಕ್ಕಕ್ಕೇ ಸೇರಿಸಿ. ಮಕ್ಕಳನ್ನು ಗೋಡೆಗೆ ನಿಲ್ಲಿಸಿ ಅಳೆಯಿರಿ, ಯಾಕಂದ್ರೆ ವಂಡರ್‌ಲಾದಲ್ಲಿ ಮಕ್ಕಳ ಟಿಕೆಟ್ ನೋಡುವುದು ವಯಸ್ಸಿನಿಂದಲ್ಲ, ಎತ್ತರದಿಂದ. 85 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಟಿಕೆಟ್ ಇಲ್ಲ, 85ರಿಂದ 140ರವರೆಗೆ ಮಕ್ಕಳ ಟಿಕೆಟ್. 140 ಮುಟ್ಟದ ಮಗುವನ್ನು ಕೆಲವು ದೊಡ್ಡ ರೈಡ್‌ಗಳಿಗೆ ಬಿಡುವುದಿಲ್ಲ. ಅಂಥ ಮಗು ಮಧ್ಯಾಹ್ನದ ಹೊತ್ತಿಗೆ 'ರೂಮಿಗೆ ಹೋಗೋಣ' ಅಂತ ಅಳೋಕೆ ಶುರು ಮಾಡುತ್ತದೆ, ಜೊತೆಗೆ ಒಬ್ಬ ದೊಡ್ಡವರು ಹೊರಡಲೇಬೇಕು. ಹೀಗೆ ಎಣಿಸಿದರೆ 16 ಜನರಲ್ಲಿ ಆರೇಳು ಜನ ದಿನದ ಒಂದಷ್ಟು ಹೊತ್ತು ರೂಮಲ್ಲೇ ಇರುವವರು ಅಂತ ಗೊತ್ತಾಗುತ್ತದೆ. ಎಲ್ಲಿ ಉಳಿಯಬೇಕು ಅನ್ನುವುದನ್ನು ಈ ಆರೇಳೇ ತೀರ್ಮಾನಿಸಬೇಕು.

ಆಯ್ಕೆಗಳು ಜಾಸ್ತಿ ಇಲ್ಲ. ಪಾರ್ಕಿಗೆ ಅಂಟಿಕೊಂಡೇ ವಂಡರ್‌ಲಾದವರದ್ದೇ ರೆಸಾರ್ಟ್ ಇದೆ. ಪಾರ್ಕು ಶುರುವಾಗಿದ್ದು 2005ರಲ್ಲಿ, ರೆಸಾರ್ಟ್ ಬಂದಿದ್ದು 2012ರಲ್ಲಿ, ಅದರಲ್ಲಿ 84 ರೂಮುಗಳು. ಕೇಳೋಕೆ ಜಾಸ್ತಿ ಅನ್ನಿಸುತ್ತದೆ, ಆದರೆ ದಸರಾ ರಜೆಯಲ್ಲೋ ಮೇ ತಿಂಗಳ ಶನಿವಾರವೋ ಅಕ್ಕಪಕ್ಕದ ಆರು ರೂಮು ಒಟ್ಟಿಗೆ ಸಿಗುವುದು ಸುಲಭವಲ್ಲ. ಇನ್ನೊಂದು, ಬಿಡದಿ, ರಾಮನಗರ, ಕೆಂಗೇರಿ ಕಡೆಯ ಹೋಟೆಲುಗಳು. ಮೂರನೆಯದು, ಇಡೀ ಮನೆಯನ್ನೇ ಬಾಡಿಗೆಗೆ ಕೊಡುವ ಫಾರ್ಮ್‌ಹೌಸ್ ಅಥವಾ ಹೋಮ್‌ಸ್ಟೇ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ರೈಡ್ ಹತ್ತದವರು ನಾಲ್ಕಕ್ಕಿಂತ ಜಾಸ್ತಿ ಇದ್ದರೆ ಹೆಚ್ಚು ದುಡ್ಡಾದರೂ ಪಾರ್ಕಿನ ಪಕ್ಕದಲ್ಲೇ ಉಳಿಯಿರಿ. ಮಧ್ಯಾಹ್ನ ಅಜ್ಜಿಗೆ ಸುಸ್ತಾದರೆ ನಡೆದೇ ವಾಪಸ್ ಬರಬಹುದು. ಹೊರಗಿನ ಹೋಟೆಲಾದರೆ ಡ್ರೈವರ್‌ಗೆ ಫೋನ್ ಮಾಡಬೇಕು, ಪಾರ್ಕಿಂಗಿನಿಂದ ಗಾಡಿ ತರಿಸಬೇಕು, ಜೊತೆಗೆ ಯಾರು ಹೋಗಬೇಕು ಅಂತ ಚರ್ಚೆಯಾಗಬೇಕು. ಆ ತಾಪತ್ರಯ ನೋಡಿ ಅಜ್ಜಿಯೇ 'ಪರವಾಗಿಲ್ಲ, ಇಲ್ಲೇ ಕೂತಿರ್ತೀನಿ' ಅಂತ ಬಿಸಿಲಲ್ಲಿ ಬೆಂಚಿನ ಮೇಲೆ ಕೂರುತ್ತಾರೆ. ಹಾಗಾಗಬಾರದು. ಎಲ್ಲರೂ ಗಟ್ಟಿಮುಟ್ಟಾದ ವಯಸ್ಸಿನವರಾಗಿದ್ದರೆ ರೆಸಾರ್ಟಿಗೆ ಸುರಿಯುವ ದುಡ್ಡು ದಂಡ. ಬಿಡದಿಯಲ್ಲಿ ಸಾದಾ ಹೋಟೆಲ್ ಮಾಡಿ, ಬೆಳಿಗ್ಗೆ ತಟ್ಟೆ ಇಡ್ಲಿ ತಿಂದು ಪಾರ್ಕಿಗೆ ಹೋಗಿ. ಫಾರ್ಮ್‌ಹೌಸ್ ರಾತ್ರಿ ಎಲ್ಲರೂ ಒಟ್ಟಿಗೆ ಕೂತು ಹರಟೆ ಹೊಡೆಯೋಕೆ ಬಹಳ ಚೆನ್ನಾಗಿರುತ್ತದೆ, ಅಡುಗೆಮನೆಯೂ ಇರುತ್ತದೆ. ಆದರೆ 16 ಜನಕ್ಕೆ ಬಾತ್‌ರೂಮ್ ಎಷ್ಟು ಅಂತ ಮೊದಲೇ ಕೇಳಿ. ಎರಡೇ ಇದ್ದರೆ ಬೆಳಿಗ್ಗೆ ಎಲ್ಲರ ಸ್ನಾನ ಮುಗಿಯುವಷ್ಟರಲ್ಲಿ ಪಾರ್ಕಿನ ಗೇಟು ತೆಗೆದು ತುಂಬಾ ಹೊತ್ತಾಗಿರುತ್ತದೆ.

ಹಿರಿಯರಿಗೆ ಪಾರ್ಕೇ ಬೇಡ ಅನ್ನಿಸಿದರೆ ಮೈಸೂರಿನ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಯೋಚಿಸಿ. ಅದು ಕೆಆರ್‌ಎಸ್ ರಸ್ತೆಯಲ್ಲಿ ಮೇಟಗಳ್ಳಿ ಹತ್ತಿರ ಇದೆ. ಊರೊಳಗೆ ಹೋಟೆಲ್ ಮಾಡಿದರೆ ಹುಡುಗರು ಪಾರ್ಕಿಗೆ, ಹಿರಿಯರು ಚಾಮುಂಡಿಬೆಟ್ಟಕ್ಕೆ ಹೋಗಬಹುದು. ಭಾನುವಾರ ಸಂಜೆ ಅರಮನೆಯ ದೀಪವನ್ನು ಎಲ್ಲರೂ ಒಟ್ಟಿಗೆ ನೋಡಬಹುದು.

ಈಗ ಹೊತ್ತಿನ ವಿಷಯ. ಎಷ್ಟೋ ಜನ ಇದನ್ನು ಯೋಚಿಸದೆ ಒಂದೇ ರಾತ್ರಿಗೆ ಬುಕ್ ಮಾಡುತ್ತಾರೆ. ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿಲೋಮೀಟರ್, ಚಿತ್ರದುರ್ಗದಿಂದ ಸುಮಾರು 200. ನೆಲಮಂಗಲ ದಾಟಿ ನೈಸ್ ರೋಡ್ ಹಿಡಿದರೆ ಊರೊಳಗಿನ ಟ್ರಾಫಿಕ್ ತಪ್ಪಿಸಿ ಮೈಸೂರು ರಸ್ತೆಗೆ ಸೇರಬಹುದು. ಆದರೂ ಟಿಟಿಯಲ್ಲಿ (ಟೆಂಪೋ ಟ್ರಾವೆಲರ್) ಮಕ್ಕಳು, ವಯಸ್ಸಾದವರು ಇದ್ದಾಗ ಹಿರಿಯೂರಲ್ಲಿ ಟೀ, ಶಿರಾದಲ್ಲಿ ಇನ್ನೊಂದು ಸಲ ಇಳಿಯೋದು ಇದ್ದೇ ಇರುತ್ತದೆ. ಬೆಳಗಿನ ಜಾವ ಐದಕ್ಕೆ ಹೊರಟರೂ ಮುಟ್ಟುವುದು ಹನ್ನೊಂದರ ಹೊತ್ತಿಗೆ. ಬಹುತೇಕ ಕಡೆ ರೂಮು ಕೊಡುವುದು ಮಧ್ಯಾಹ್ನ ಹನ್ನೆರಡರ ಮೇಲೆ, ಕೆಲವು ಕಡೆ ಎರಡಕ್ಕೆ. ಪಾರ್ಕ್ ಸಾಮಾನ್ಯವಾಗಿ ತೆಗೆಯುವುದು ಹನ್ನೊಂದಕ್ಕೆ. ಮಾರನೇ ದಿನ ರೂಮು ಬಿಡಬೇಕಾದ್ದೂ ಹೆಚ್ಚುಕಡಿಮೆ ಅದೇ ಹನ್ನೊಂದಕ್ಕೆ! ಅಂದರೆ ಒಂದೇ ರಾತ್ರಿ ಬುಕ್ ಮಾಡಿದರೆ, ಮೊದಲ ದಿನ ಪಾರ್ಕಿಗೆ ಹೋದರೆ ದಾರಿ ಸವೆಸಿ ಸುಸ್ತಾಗಿ ಬಂದವರಿಗೆ ಹನ್ನೆರಡೋ ಎರಡೋ ಆಗುವವರೆಗೆ ರೂಮು ಸಿಗುವುದಿಲ್ಲ, ಎರಡನೇ ದಿನ ಹೋದರೆ ನೀವು ಪಾರ್ಕಿನಲ್ಲಿರುವ ಅಷ್ಟೂ ಹೊತ್ತು ರೂಮು ನಿಮ್ಮ ಕೈಯಲ್ಲಿರುವುದಿಲ್ಲ. ದುಡ್ಡು ಕೊಟ್ಟಿದ್ದು ಹಿರಿಯರ ವಿಶ್ರಾಂತಿಗೆ, ಆ ವಿಶ್ರಾಂತಿಯ ಹೊತ್ತಿಗೇ ರೂಮಿಲ್ಲ.

ಇದಕ್ಕೆ ಎರಡು ದಾರಿ ಇವೆ. ದುಡ್ಡಿದ್ದರೆ ಎರಡು ರಾತ್ರಿ ಮಾಡಿ. ಮೊದಲ ದಿನ ಆರಾಮವಾಗಿ ಹೋಗಿ ಮಲಗುವುದು, ಎರಡನೇ ದಿನ ಪೂರ್ತಿ ಪಾರ್ಕು, ಮೂರನೇ ದಿನ ಬೆಳಿಗ್ಗೆ ಚನ್ನಪಟ್ಟಣ ಕಡೆ ಹೋಗಿ ಕೆಂಗಲ್ ಆಂಜನೇಯನ ದರ್ಶನ ಮಾಡಿಕೊಂಡು, ಮಕ್ಕಳಿಗೆ ಬೊಂಬೆ ತಗೊಂಡು ಊರಿಗೆ. ಅಷ್ಟು ಖರ್ಚು ಬೇಡ ಅಂದರೆ ಒಂದೇ ರಾತ್ರಿ ಮಾಡಿ, ಮಾರನೇ ದಿನ ಎಲ್ಲ ರೂಮು ಬಿಟ್ಟು ಒಂದನ್ನು ಮಾತ್ರ ಸಂಜೆಯವರೆಗೆ ಇಟ್ಟುಕೊಳ್ಳಿ. ಅದಕ್ಕೆ ಅರ್ಧ ದಿನದ ಬಾಡಿಗೆ ಕೇಳಬಹುದು, ಕೊಡಿ. ಹಿರಿಯರು ಅಲ್ಲಿ ಮಲಗುತ್ತಾರೆ, ಬ್ಯಾಗುಗಳು ಅಲ್ಲಿರುತ್ತವೆ, ಸಂಜೆ ನೀರಿನಿಂದ ಎದ್ದು ಬಂದವರು ಬಿಸಿನೀರಲ್ಲಿ ಸ್ನಾನ ಮಾಡಿ ಟಿಟಿ ಹತ್ತುತ್ತಾರೆ. ಆ ಒಂದು ರೂಮಿನ ದುಡ್ಡು ಎಂದೂ ವ್ಯರ್ಥವಲ್ಲ.

ವಯಸ್ಸಾದವರಿಗೆ ಅಷ್ಟು ಹೊತ್ತು ಟಿಟಿಯಲ್ಲಿ ಕೂರೋಕೆ ಆಗದಿದ್ದರೆ ದಾವಣಗೆರೆಯಿಂದ ಬೆಂಗಳೂರಿಗೆ ವಂದೇ ಭಾರತ್, ಜನಶತಾಬ್ದಿ ಎರಡೂ ಇವೆ. ಜೊತೆಗೆ ಒಬ್ಬರನ್ನು ಕಳಿಸಿ. ಚಿತ್ರದುರ್ಗದವರಿಗೆ ರೈಲು ಸುತ್ತು, ರಸ್ತೆಯೇ ವಾಸಿ.

ರೂಮು ಹಂಚುವುದು ನಾಜೂಕಿನ ಕೆಲಸ. ಇದನ್ನು ಅಲ್ಲಿಗೆ ಹೋದ ಮೇಲೆ ರಿಸೆಪ್ಷನ್ನಿನಲ್ಲಿ ನಿಂತು ಮಾಡಬೇಡಿ, ಮನೆಯಲ್ಲೇ ಮುಗಿಸಿ. ಅಜ್ಜ ಅಜ್ಜಿಗೆ ನೆಲಮಹಡಿ ಅಥವಾ ಲಿಫ್ಟ್ ಪಕ್ಕದ ರೂಮು, ಅವರ ಪಕ್ಕದಲ್ಲೇ ರಾತ್ರಿ ಕರೆದರೆ ಏಳುವ ಮಗನೋ ಮಗಳೋ. ಹೊಸದಾಗಿ ಮದುವೆಯಾದವರಿಗೆ, ಅಳಿಯ ಮಗಳಿಗೆ ಬೇರೆ ರೂಮು ಕೊಡಿ, ಅಲ್ಲಿ ಉಳಿತಾಯ ನೋಡಬೇಡಿ. ಹರೆಯದ ಹುಡುಗರನ್ನೆಲ್ಲ ಒಂದೇ ರೂಮಿಗೆ ಹಾಕಿ, ಅವರಿಗೆ ಅದೇ ಖುಷಿ. ಆ ರೂಮು ಮಾತ್ರ ಅಜ್ಜನ ರೂಮಿನಿಂದ ದೂರ ಇರಲಿ, ರಾತ್ರಿ ಎರಡರವರೆಗೆ ಗಲಾಟೆ ನಿಲ್ಲುವುದಿಲ್ಲ. ಹೆಣ್ಣುಮಕ್ಕಳ ರೂಮು ಚಿಗಮ್ಮನ ರೂಮಿನ ಪಕ್ಕಕ್ಕೆ. ಒಂಟಿಯಾಗಿ ಬರುವ ಸೋದರತ್ತೆಯನ್ನು 'ಎಲ್ಲಾದರೂ ಅಡ್ಜಸ್ಟ್ ಮಾಡ್ಕೋತಾರೆ' ಅಂತ ಎಕ್ಸ್‌ಟ್ರಾ ಬೆಡ್ಡಿಗೆ ತಳ್ಳಬೇಡಿ. ಎಷ್ಟೋ ಕಡೆ ಎಕ್ಸ್‌ಟ್ರಾ ಬೆಡ್ ಅಂದರೆ ನೆಲದ ಮೇಲೆ ಹಾಕುವ ತೆಳ್ಳನೆ ಹಾಸಿಗೆ. ಅವರಿಗೂ ಮಂಚ ಬೇಕು, ಕೇಳದೆ ಇರಬಹುದು ಅಷ್ಟೇ.

ಆ್ಯಪ್‌ನಲ್ಲಿ ನೋಡಿ, ಆದರೆ ಆರು ರೂಮು ತಗೊಳ್ಳುವಾಗ ನೇರವಾಗಿ ಫೋನ್ ಮಾಡಿ. ಜಾಸ್ತಿ ರೂಮು ಅಂದರೆ ರೇಟಿನ ಮಾತು ಆಡಬಹುದು, ಅಕ್ಕಪಕ್ಕದ ರೂಮು ಕೇಳಬಹುದು. ಕೇಳಬೇಕಾದ್ದು ಇಷ್ಟು: ಎಲ್ಲ ರೂಮೂ ಒಂದೇ ಮಹಡಿಯಲ್ಲಿ ಸಿಗುತ್ತವಾ? ರೂಮಿಗೆ ಹೋಗುವ ದಾರಿಯಲ್ಲಿ ಮೆಟ್ಟಿಲಿದೆಯಾ? ಲಿಫ್ಟ್ ಇದೆ ಅಂದರೂ ಲಿಫ್ಟ್ ಮುಟ್ಟೋಕೆ ನಾಲ್ಕು ಮೆಟ್ಟಿಲು ಇರುವ ಹೋಟೆಲುಗಳಿವೆ. ಬಾತ್‌ರೂಮಿನಲ್ಲಿ ವೆಸ್ಟರ್ನ್ ಕಮೋಡ್, ಹಿಡಿದುಕೊಳ್ಳೋಕೆ ಕಂಬಿ, ಬಕೆಟ್ ಮತ್ತು ಮಗ್ ಇವೆಯಾ? ಶವರ್ ಕೆಳಗೆ ನಿಂತು ಸ್ನಾನ ಮಾಡಲು ಅಜ್ಜಿಗೆ ಆಗುವುದಿಲ್ಲ, ಒಂದು ಸ್ಟೂಲ್ ಕೊಡುತ್ತಾರಾ? ಬಿಸಿನೀರು ಇಡೀ ದಿನವಾ, ಬೆಳಿಗ್ಗೆ ಮಾತ್ರವಾ? ಪಾರ್ಕಿನಿಂದ ಮಧ್ಯೆ ಹೊರಗೆ ಬಂದವರನ್ನು ಅದೇ ಟಿಕೆಟಿನಲ್ಲಿ ಮತ್ತೆ ಒಳಗೆ ಬಿಡುತ್ತಾರಾ? ಈ ಕೊನೇ ಪ್ರಶ್ನೆಯನ್ನು ಪಾರ್ಕಿನವರಿಗೇ ಕೇಳಿ, ಹೋಟೆಲಿನವರ ಮಾತು ನಂಬಿ ಹೊರಗೆ ಬರಬೇಡಿ.

ಬಟ್ಟೆ ಒಣಗಿಸುವ ಜಾಗವನ್ನೂ ಕೇಳಿ. ವಂಡರ್‌ಲಾದ ನೀರಿನ ಆಟಗಳಿಗೆ ಕಾಟನ್ ಬಟ್ಟೆ ನಡೆಯುವುದಿಲ್ಲ, ನೈಲಾನ್ ಅಥವಾ ಪಾಲಿಯೆಸ್ಟರ್ ಥರದ ಈಜುಡುಗೆ ಬೇಕು. ಊರಲ್ಲೇ ತಗೊಂಡರೆ ಅಗ್ಗ. ಹತ್ತು ಜನರ ಒದ್ದೆ ಬಟ್ಟೆ ಎಸಿ ರೂಮಿನ ಕುರ್ಚಿ ಮೇಲೆ ಒಣಗುವುದಿಲ್ಲ. ಬಾಲ್ಕನಿ ಇರುವ ಒಂದು ರೂಮಾದರೂ ಇರಲಿ, ಬ್ಯಾಗಿನಲ್ಲಿ ಉದ್ದನೆಯ ಹಗ್ಗ ಇರಲಿ.

ದುಡ್ಡಿನ ಲೆಕ್ಕದಲ್ಲಿ ಒಂದು ಗೆರೆ ನೆನಪಿಡಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ. 5, ಅದಕ್ಕಿಂತ ಮೇಲಾದರೆ ಶೇ. 18. 7,400ರ ರೂಮು ತೆರಿಗೆ ಸೇರಿ 7,770 ಆಗುತ್ತದೆ, 7,600ರದ್ದು 8,968 ಆಗುತ್ತದೆ. ರೇಟಿನಲ್ಲಿ 200 ರೂಪಾಯಿ ವ್ಯತ್ಯಾಸ, ಬಿಲ್ಲಿನಲ್ಲಿ ಸುಮಾರು 1,200. ಆರು ರೂಮು, ಎರಡು ರಾತ್ರಿ ಗುಣಿಸಿ ನೋಡಿ. 7,500ರ ಆಸುಪಾಸಿನ ರೇಟು ಹೇಳಿದರೆ ಗೆರೆಯ ಒಳಗೆ ಇಳಿಸೋಕೆ ಕೇಳಿ. ತಿಂಡಿ, ಎಕ್ಸ್‌ಟ್ರಾ ಬೆಡ್, ತೆರಿಗೆ ಎಲ್ಲ ಸೇರಿ ಒಟ್ಟು ಎಷ್ಟು ಅಂತ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ, ರದ್ದು ಮಾಡಿದರೆ ಎಷ್ಟು ವಾಪಸ್ ಬರುತ್ತದೆ ಅನ್ನುವುದನ್ನೂ ಬರೆಸಿಕೊಳ್ಳಿ. ದೊಡ್ಡ ಗುಂಪಲ್ಲಿ ಯಾರಿಗೋ ಜ್ವರ ಬರುತ್ತದೆ, ಯಾರಿಗೋ ರಜೆ ಸಿಗುವುದಿಲ್ಲ. ಒಂದು ರೂಮನ್ನು ಮಾತ್ರ ಬಿಡಲು ಅವಕಾಶ ಇದೆಯಾ ಅಂತ ಕೇಳಿ. ಮನೆಯೊಳಗೆ ದುಡ್ಡನ್ನು ಮೊದಲೇ ಒಬ್ಬರ ಹತ್ತಿರ ಕೂಡಿಸಿ. ಟಿಕೆಟ್ ತಗೊಳ್ಳುವಾಗ 60 ದಾಟಿದವರ ಆಧಾರ್ ಕಾರ್ಡ್ ಕೈಯಲ್ಲಿರಲಿ, ಅವರಿಗೆ ರೇಟು ಕಡಿಮೆ.

ಊಟದ್ದು ಸಣ್ಣ ಮಾತಲ್ಲ. ಹಿರಿಯರು ಶುದ್ಧ ಸಸ್ಯಾಹಾರಿಗಳಾದರೆ ಅಡುಗೆಮನೆ ಬೇರೆ ಇದೆಯಾ ಅಂತ ಕೇಳಿ, ಸುತ್ತು ಬಳಸದೆ ಕೇಳಿ. ಪಾರ್ಕಿನೊಳಗೆ ಹೊರಗಿನ ತಿಂಡಿ ಬಿಡುವುದಿಲ್ಲ. ಕಟ್ಟಿಕೊಂಡ ರೊಟ್ಟಿ, ಶೇಂಗಾ ಚಟ್ನಿಪುಡಿ, ಮಂಡಕ್ಕಿ ರೂಮಿನಲ್ಲಿ ಇಟ್ಟುಕೊಳ್ಳಲು ಅಡ್ಡಿ ಇಲ್ಲ ತಾನೇ ಅಂತ ವಿಚಾರಿಸಿ. ಸಂಜೆ ಹಸಿದು ಬಂದ ಮಕ್ಕಳಿಗೆ ರೂಮ್ ಸರ್ವಿಸ್ ಬರುವವರೆಗೆ ಒಗ್ಗರಣೆ ಮಂಡಕ್ಕಿಯೇ ಗತಿ. ಸಕ್ಕರೆ ಕಾಯಿಲೆ ಇರುವವರಿಗೆ ಹೊತ್ತಿಗೆ ಸರಿಯಾಗಿ ಊಟ ಬೇಕು, ಇನ್ಸುಲಿನ್ ಇದ್ದರೆ ರೂಮಿನಲ್ಲಿ ಫ್ರಿಜ್ ಬೇಕು.

ಹೊರಡುವ ಹಿಂದಿನ ದಿನ ಇನ್ನೊಮ್ಮೆ ಫೋನ್ ಮಾಡಿ, ನೆಲಮಹಡಿಯ ರೂಮು ನಿಮ್ಮ ಹೆಸರಲ್ಲೇ ಇದೆಯಾ ಅಂತ ಖಚಿತ ಮಾಡಿಕೊಳ್ಳಿ. ದೊಡ್ಡವರೆಲ್ಲರ ಆಧಾರ್ ಫೋಟೋ ಒಂದೇ ಮೊಬೈಲಿನಲ್ಲಿ ಇಟ್ಟುಕೊಂಡರೆ ಕೌಂಟರಿನಲ್ಲಿ ಒಬ್ಬರು ನಿಂತರೆ ಸಾಕು, ಉಳಿದವರು ನೆರಳಲ್ಲಿ ಕೂರಬಹುದು. ಟಿಟಿ ಡ್ರೈವರ್‌ಗೆ ಮಲಗಲು ಜಾಗ, ಸ್ನಾನ, ಊಟ ಎಲ್ಲಿ ಅನ್ನುವುದನ್ನೂ ಅದೇ ಫೋನಿನಲ್ಲಿ ಕೇಳಿ. ಪಾರ್ಕ್ ಮುಗಿಸಿದ ರಾತ್ರಿಯೇ ಊರಿಗೆ ಹೊರಡುವವರಾದರೆ ಆತ ಆ ಮಧ್ಯಾಹ್ನ ಸೀಟಿನಲ್ಲಿ ಮುದುರಿಕೊಳ್ಳದೆ ಹಾಸಿಗೆಯಲ್ಲಿ ನಾಲ್ಕು ಗಂಟೆ ಮಲಗಿರಬೇಕು.