ಗುಜರಿ ಡಿಟೆಕ್ಟರ್‌ನಲ್ಲಿ ಡೋಪಮೈನ್ ಸಿಕ್ಕಿತು

"ಆ ಡಬ್ಬ ಗುಜರಿಗೆ ಹಾಕಿ, ಅದರಲ್ಲಿ ಡೋಪಮೈನ್ ಪೀಕ್ ಬರಲ್ಲ" ಅಂತ ಕನಿಷ್ಠ ಮೂರು ಜನ ಹೇಳಿದ್ದರು. ಡೋಪಮೈನ್ ಅಂದ್ರೆ ಮಿದುಳಿನ ಕೋಶಗಳು ಸಂದೇಶ ಕಳಿಸಲು ಬಳಸುವ ರಾಸಾಯನಿಕ. ಕಾಲಂ ಅನ್ನೋ ಕೊಳವೆಯಿಂದ ಬೇರೆಬೇರೆಯಾಗಿ ಹೊರಬರುವ ಇಂಥ ರಾಸಾಯನಿಕಗಳನ್ನು ಅವು ಕೊಡುವ ಕರೆಂಟಿನಿಂದ ಗುರುತಿಸುವ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರೋಕೆಮಿಕಲ್ ಡಿಟೆಕ್ಟರ್ ಅದು, ಸುಮಾರು ಒಂದೂವರೆ ಲಕ್ಷ ಕೊಟ್ಟಿದ್ದೆ. ರಾಸಾಯನಿಕ ಬಂದಾಗ ಸ್ಕ್ರೀನ್ ಗೆರೆಯಲ್ಲಿ ಏಳುವ ಗುಡ್ಡವೇ ಪೀಕ್. ಪೀಕ್ ಬಂತು. ಒಂದು ವರ್ಷದ ಮೇಲೆ ಹಿಡಿಯಿತು ಅನ್ನೋದು ಬೇರೆ ಮಾತು.

ಮೊದಲ ಆರು ತಿಂಗಳು ಬೇಸ್‌ಲೈನ್, ಅಂದ್ರೆ ಏನೂ ಬರದಿದ್ದಾಗ ಇರಬೇಕಾದ ಸಮ ಗೆರೆ, ನೆಟ್ಟಗೇ ಇರಲಿಲ್ಲ. ನೀರು ಬದಲಿಸಿದೆ, ಲೋಹದ ಕಲ್ಮಶ ಹಿಡಿದಿಡುವ ಇಡಿಟಿಎ ಹಾಕಿದೆ, ಎಲೆಕ್ಟ್ರೋಡ್ ತಿಕ್ಕಿ ತಿಕ್ಕಿ ಬೆರಳು ನೋವು ಬಂತು. ಹೊಸ ಕಾಲಂಗೆ ನಲವತ್ತು ಸಾವಿರದ ಹತ್ತಿರ ಹೋಯಿತು, ಸುಮ್ನೆ ದಂಡ. ಒಂದು ಮಧ್ಯಾಹ್ನ ಬಾಗಿಲ ಹೊರಗೆ ಕಾಫಿ ಹಿಡಿದು ನಿಂತಿದ್ದೆ. ಮೂಲೆಯ ಫ್ರಿಜ್ ಗುರ್ ಅಂತು, ಸ್ಕ್ರೀನ್‌ನಲ್ಲಿ ಒಂದು ಮುಳ್ಳು ಎದ್ದಿತು. ಇಪ್ಪತ್ತು ನಿಮಿಷ ಬಿಟ್ಟು ಮತ್ತೆ ಗುರ್, ಮತ್ತೆ ಮುಳ್ಳು. ನಾವು ಹಿಡಿಯೋದು ನ್ಯಾನೊ ಆಂಪಿಯರ್ ಕರೆಂಟು, ಆಂಪಿಯರ್‌ನ ನೂರು ಕೋಟಿಯಲ್ಲೊಂದು ಪಾಲಿನ ಲೆಕ್ಕ, ಅಲ್ವಾ? ಫ್ರಿಜ್ ಶುರುವಾದರೂ ಅದು ಅಲುಗುತ್ತೆ. ಎಲೆಕ್ಟ್ರಿಷಿಯನ್ ಕರೆಸಿ ಬೇರೆ ಲೈನು, ಬೇರೆ ಅರ್ಥಿಂಗ್ ಹಾಕಿಸಿದೆ. ಎರಡು ಸಾವಿರ ಚಿಲ್ಲರೆಯಲ್ಲಿ ಮುಗಿಯಿತು.

ಆಮೇಲೆ ಸ್ಯಾಂಪಲ್ ಕಾಟ. ಬೆಳಿಗ್ಗೆ ಮಾಡಿಟ್ಟ ಸ್ಟ್ಯಾಂಡರ್ಡ್, ಅಂದ್ರೆ ಹೋಲಿಸಿ ನೋಡಲು ಇಡುವ ಡೋಪಮೈನ್ ದ್ರಾವಣ, ಸಂಜೆಗೆ ಕಂದು ತಿರುಗುತ್ತಿತ್ತು. ಗಾಳಿಗೆ ಡೋಪಮೈನ್ ಕೆಡುತ್ತೆ, ಆಸಿಡ್‌ನಲ್ಲಿ ತಡೆಯುತ್ತೆ. ಇಲಿಯ ಮಿದುಳಿನಲ್ಲಿ ಡೋಪಮೈನ್ ಹೆಚ್ಚಿರುವ ಸ್ಟ್ರಯೇಟಮ್ ಭಾಗ ತೆಗೆದ ಕೂಡಲೇ ತಣ್ಣನೆಯ 0.1 ಮೋಲಾರ್ ಪರ್‌ಕ್ಲೋರಿಕ್ ಆಸಿಡ್‌ನಲ್ಲಿ ಅರೆಯಲು ಶುರು ಮಾಡಿದ ಮೇಲೆ ಸರಿಹೋಯಿತು. 

ಮೆಷಿನ್ ನಿಜ ಹೇಳುತ್ತಾ ಅಂತ ನೋಡಲು ರೆಸರ್ಪಿನ್ ಹಿಡಿದೆ, ನಮ್ಮ ಸರ್ಪಗಂಧ ಗಿಡದ್ದೇ. ಡೋಪಮೈನ್, ಅದರಂತೆ ಇನ್ನೊಂದು ಸಂದೇಶದ ರಾಸಾಯನಿಕವಾದ ಸೆರೊಟೋನಿನ್, ಎರಡರ ದಾಸ್ತಾನನ್ನೂ ಮಿದುಳಲ್ಲಿ ಖಾಲಿ ಮಾಡುವ ಔಷಧ ಅದು. ಎಥಿಕ್ಸ್ ಒಪ್ಪಿಗೆಗೇ ನಾಲ್ಕು ತಿಂಗಳು ಹೋಯಿತು. ಕೆಜಿಗೆ 5 ಮಿಲಿಗ್ರಾಂ ಕೊಟ್ಟ ಮರುದಿನ ಇಲಿಗಳು ಬೆನ್ನು ಗೂನು ಮಾಡಿ, ಕಣ್ಣು ಅರ್ಧ ಮುಚ್ಚಿ ಕೂತಿದ್ದವು. ಡೋಪಮೈನ್, ಸೆರೊಟೋನಿನ್ ಎರಡೂ ಪೀಕ್ ನೆಲ ಕಚ್ಚಿದ್ದವು.

ಚಪಲ ತಡೆಯದೆ ಹಾಗೆ ಕೂತಿದ್ದ ಎರಡು ಇಲಿಗೆ ಎಲ್-ಡೋಪಾನೂ ಕೊಟ್ಟೆ (ಮಿದುಳಲ್ಲಿ ಡೋಪಮೈನ್ ಆಗಿ ಬದಲಾಗುವ ವಸ್ತು), ಅದೂ ಒಪ್ಪಿಗೆಯಲ್ಲಿ ಸೇರಿತ್ತು. 1957ರಲ್ಲಿ ಸ್ವೀಡನ್ನಿನ ವಿಜ್ಞಾನಿ ಅರ್ವಿಡ್ ಕಾರ್ಲ್‌ಸನ್ ಮೊಲಗಳಿಗೆ ಮಾಡಿದ್ದೇ. ಅರ್ಧ ಗಂಟೆಯ ಸುಮಾರಿಗೆ ಒಂದು ಇಲಿ ಎದ್ದು ಮೀಸೆ ಒರೆಸಿಕೊಂಡಿತು. ಮಿದುಳು ನೋಡಿದರೆ ಡೋಪಮೈನ್ ಏರಿದೆ, ಸೆರೊಟೋನಿನ್ ಇದ್ದಲ್ಲೇ ಇದೆ. ಎರಡೇ ಇಲಿ, ಪೇಪರ್‌ಗೆ ಸಾಲದು. ಆದರೂ ಆ ಪ್ರಿಂಟೌಟ್ ಗೋಡೆಗೆ ಅಂಟಿಸಿದ್ದೇನೆ.

ರೆಸರ್ಪಿನ್‌ಗೆ ಸೆರೊಟೋನಿನ್ ಇಳಿದು ಇಲಿಗಳು ಮಂಕಾಗಿದ್ದನ್ನು ನೋಡಿದವರು "ಹಾಗಾದ್ರೆ ಡಿಪ್ರೆಶನ್ ಅಂದ್ರೆ ಸೆರೊಟೋನಿನ್ ಕಮ್ಮಿ ಆಗೋದು" ಅಂತಾರೆ. ನಾನು ಒಪ್ಪಲ್ಲ. ಡಿಪ್ರೆಶನ್‌ಗೆ ಕೊಡುವ ಎಸ್ಎಸ್ಆರ್‌ಐ ಗುಳಿಗೆ ಕೆಲವೇ ಗಂಟೆಗಳಲ್ಲಿ ಸೆರೊಟೋನಿನ್ ಕೋಶದೊಳಕ್ಕೆ ವಾಪಸ್ ಹೋಗುವ ದಾರಿ ಮುಚ್ಚುತ್ತೆ. ಮನಸ್ಸು ಹಗುರ ಆಗಲು ವಾರಗಳು ಬೇಕು. ನಡುವೆ ಏನಾಗುತ್ತೆ ಅಂತ ನನ್ನ ಪೀಕ್ ಹೇಳಲ್ಲ.

ಗುಜರಿ ಅಂದಿದ್ದವರಲ್ಲಿ ಒಬ್ಬರು ಹೋದ ತಿಂಗಳು ತಮ್ಮ ಸ್ಯಾಂಪಲ್‌ಗಳ ಐಸ್ ಬಾಕ್ಸ್ ಹಿಡಿದು ಬಂದಿದ್ದರು. ಇಂಜೆಕ್ಷನ್‌ಗೆ, ಅಂದ್ರೆ ಮೆಷಿನ್‌ಗೆ ಒಂದು ಸಲ ಸ್ಯಾಂಪಲ್ ಹಾಕೋದಕ್ಕೆ, 300 ರೂಪಾಯಿ ತಗೊಂಡೆ.